ತೆಳುಗಾಳಿಯ ದಾರಿ: ಹಳೆಯ ಬೈಕುಗಳು ಲಡಾಖ್ ಏರಿದ ಕಥೆ

ನಮ್ಮಲ್ಲಿ ಅನೇಕರ ಊರಿನ ಮನೆಯಲ್ಲಿ, ಕೊಟ್ಟಿಗೆಯ ಪಕ್ಕದಲ್ಲೋ ಶೆಡ್ಡಿನ ಮೂಲೆಯಲ್ಲೋ, ಟಾರ್ಪಾಲು ಹೊದ್ದುಕೊಂಡು ಒಂದು ಹಳೆಯ ಬೈಕು ನಿಂತಿರುತ್ತದೆ. ಅಪ್ಪನದೋ, ಚಿಕ್ಕಪ್ಪನದೋ, ಗಲ್ಫಿಗೆ ಬರುವ ಮೊದಲು ನಾವೇ ಓಡಿಸುತ್ತಿದ್ದದ್ದೋ. ಯೆಜ್ಡಿ ಇರಬಹುದು, ಬುಲೆಟ್ ಇರಬಹುದು. ಕ್ಯಾಂಪಿನ ರೂಮಿನಲ್ಲಾಗಲಿ, ಸಂಘದ ರಾಜ್ಯೋತ್ಸವದ ಊಟದ ಸಾಲಿನಲ್ಲಾಗಲಿ ರಜೆಯ ಮಾತು ಬಂತೆಂದರೆ ಒಬ್ಬರಾದರೂ ಹೇಳುತ್ತಾರೆ: "ಈ ಸಲ ಆ ಗಾಡಿ ರೆಡಿ ಮಾಡಿಸಿ ಲಡಾಖಿಗೆ ಹೋಗಿಬಿಡಬೇಕು ಮಾರಾಯ್ರೆ."

ಹೋಗಿ ಬಂದವರೂ ನಮ್ಮಲ್ಲಿ ಇದ್ದಾರೆ. ಹೋಗಲು ಹೊರಟವರು ಕೆಲವರು ನಾನು ಕೆಲಸ ಮಾಡುವ ಆಸ್ಪತ್ರೆಯ ಔಷಧಿ ಕೌಂಟರಿಗೂ ಬರುತ್ತಾರೆ. ಮೇ-ಜೂನ್ ಬಂತೆಂದರೆ "ಸರ್, ಲಡಾಖಿಗೆ ಅಂತ ಒಂದು ಮಾತ್ರೆ ಇದೆಯಂತಲ್ಲ" ಎಂದು ಕೇಳುತ್ತಾರೆ. ಗಾಡಿಗೆ ಏನೇನು ಮಾಡಿಸಿದ್ದೀರಿ ಎಂದು ನಾನು ತಿರುಗಿ ಕೇಳಿದರೆ ಹೊಸ ಟೈರು, ಹೊಸ ಸೀಟು, ಲಗೇಜು ಕ್ಯಾರಿಯರ್ ಎನ್ನುತ್ತಾರೆ. ಕಾರ್ಬುರೇಟರಿನ ಮಾತು ತೆಗೆಯುವವರು ಕಡಿಮೆ. ಮಾತ್ರೆ ಮತ್ತು ಕಾರ್ಬುರೇಟರ್ ಎರಡರ ಹಿಂದೆಯೂ ಇರುವುದು ಒಂದೇ ಕಥೆ, ಸುಮಾರು 380 ವರ್ಷಗಳ ಕಥೆ. ಅದನ್ನು ಈ ಸಂಚಿಕೆಯ ಓದುಗರಿಗೆ ಹೇಳೋಣ ಎನಿಸಿತು.

ಗಾಳಿಗೂ ತೂಕವಿದೆ

1643ರಲ್ಲಿ ಇಟಲಿಯ ಟಾರಿಚೆಲ್ಲಿ ಎಂಬಾತ ಗಾಜಿನ ಕೊಳವೆಯಲ್ಲಿ ಪಾದರಸ ತುಂಬಿ, ಅದನ್ನು ಪಾದರಸದ ಬಟ್ಟಲಲ್ಲಿ ತಲೆಕೆಳಗಾಗಿ ನಿಲ್ಲಿಸಿದ. ಪಾದರಸ ಪೂರ್ತಿ ಕೆಳಗೆ ಸುರಿಯಲಿಲ್ಲ, ಸುಮಾರು 76 ಸೆಂಟಿಮೀಟರ್ ಎತ್ತರದಲ್ಲಿ ನಿಂತಿತು. ಹೊರಗಿನ ಗಾಳಿಯ ಭಾರವೇ ಅದನ್ನು ಎತ್ತಿ ಹಿಡಿದಿದೆ ಎಂದು ಆತ ತಿಳಿದ. ಇಂದಿಗೂ ನಮ್ಮ ಆಸ್ಪತ್ರೆಗಳಲ್ಲಿ ಬಿ.ಪಿ.ಯನ್ನು ಪಾದರಸದ ಮಿಲಿಮೀಟರಿನಲ್ಲಿ ಹೇಳುವುದಕ್ಕೆ ಮೂಲ ಅಲ್ಲಿದೆ.

ಗಾಳಿಗೆ ಭಾರವಿದ್ದರೆ ಬೆಟ್ಟದ ಮೇಲೆ ಅದು ಕಡಿಮೆ ಇರಬೇಕಲ್ಲವೇ? ಈ ಪ್ರಶ್ನೆ ಫ್ರಾನ್ಸಿನ ಪಾಸ್ಕಲ್‌ಗೆ ಬಂತು. ಅವನ ಭಾವ ಪೆರಿಯೆ 1648ರ ಸೆಪ್ಟೆಂಬರಿನಲ್ಲಿ ಪಾದರಸದ ಕೊಳವೆಯನ್ನು ಹೊತ್ತು ಪ್ಯುಯಿ ದ ದೋಮ್ ಎಂಬ ಬೆಟ್ಟ ಹತ್ತಿದ. ಸುಮಾರು ಸಾವಿರ ಮೀಟರ್ ಏರುವಷ್ಟರಲ್ಲಿ ಪಾದರಸ ಮೂರು ಇಂಚಿಗೂ ಹೆಚ್ಚು ಇಳಿದಿತ್ತು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ ಎಂಬುದು ಅಂದು ಲೆಕ್ಕದ ಸಮೇತ ಗೊತ್ತಾಯಿತು.

ಒಂದು ತಪ್ಪು ಕಲ್ಪನೆಯನ್ನು ಇಲ್ಲೇ ಸರಿಮಾಡಿಕೊಳ್ಳೋಣ. ಎತ್ತರದಲ್ಲಿ ಆಮ್ಲಜನಕದ ಪ್ರಮಾಣ ನೂರಕ್ಕೆ 21 ಇದ್ದದ್ದು ಹಾಗೇ ಇರುತ್ತದೆ. ಆದರೆ ಒಟ್ಟು ಗಾಳಿಯೇ ಕಡಿಮೆ. ಲೇಹ್ ಪಟ್ಟಣ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಭಾಗ. ಖಾರ್ದುಂಗ್ ಲಾ ಕಣಿವೆದಾರಿಯ ನೆತ್ತಿಯಲ್ಲಿ, 5,359 ಮೀಟರಿನಲ್ಲಿ, ಅದು ಹೆಚ್ಚುಕಡಿಮೆ ಅರ್ಧ. ನೀರು ಅಲ್ಲಿ ಸುಮಾರು 82 ಡಿಗ್ರಿಗೇ ಕುದಿಯುತ್ತದೆ, ಹಾಗಾಗಿ ಕುಕ್ಕರ್ ಇಲ್ಲದೆ ಅನ್ನ ಸರಿಯಾಗಿ ಬೇಯುವುದಿಲ್ಲ.

ನಮಗೆ ಇದರ ಅನುಭವ ಆಗುವುದು ಕಷ್ಟ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಯು.ಎ.ಇ.ಯವರು ರಜೆಯ ದಿನ ಹತ್ತಿ ಬರುವ ಜೆಬೆಲ್ ಜೈಸ್ ಕೂಡ ಸುಮಾರು ಅಷ್ಟೇ. ಆ ಎತ್ತರದಲ್ಲಿ ಬೈಕು ಅಷ್ಟಾಗಿ ದೂರು ಹೇಳುವುದಿಲ್ಲ. ಸೌದಿಯ ಅಭಾದಲ್ಲಿ ಕೆಲಸ ಮಾಡುವವರು 2,200 ಮೀಟರಿನ ಮೇಲೆ ವಾಸಿಸುತ್ತಾರೆ, ಮೆಟ್ಟಿಲು ಹತ್ತಿದರೆ ಮೊದಲ ವಾರ ಏದುಸಿರು ಬಂದದ್ದು ಅವರಿಗೆ ನೆನಪಿರಬಹುದು. ಉಳಿದ ನಾವೆಲ್ಲ ಸಮುದ್ರದ ಮಟ್ಟದ ಜನ.

ಎಂಜಿನ್ನಿಗೆ ಬಂದ ಉಬ್ಬಸ

ಪೆಟ್ರೋಲು ತಾನಾಗಿ ಉರಿಯುವುದಿಲ್ಲ, ಗಾಳಿಯ ಜೊತೆ ಸೇರಿಯೇ ಉರಿಯಬೇಕು. ಒಂದು ಕಿಲೋ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಈ ಮಿಶ್ರಣ ಮಾಡುವ ಸಾಧನವೇ ಕಾರ್ಬುರೇಟರ್. ನಳಿಕೆಯಿಂದ ಪೆಟ್ರೋಲನ್ನು ಹನಿಹನಿಯಾಗಿ ಚಿಮ್ಮಿಸುವ ಬಗೆಯದನ್ನು ಜರ್ಮನಿಯ ವಿಲ್ಹೆಲ್ಮ್ ಮೈಬಾಖ್ 1893ರ ಸುಮಾರಿಗೆ ರೂಪಿಸಿದ. ಒಳಗೆ ಹೋಗುವ ಗಾಳಿ ಇಕ್ಕಟ್ಟಾದ ಜಾಗದಲ್ಲಿ ವೇಗ ಪಡೆಯುತ್ತದೆ, ಅಲ್ಲಿ ಒತ್ತಡ ಇಳಿಯುತ್ತದೆ, ಜೆಟ್ ಎಂಬ ಸಣ್ಣ ತೂತಿನ ಮೂಲಕ ಪೆಟ್ರೋಲು ಮೇಲೆ ಬರುತ್ತದೆ. ಸರಳ, ಅಗ್ಗ, ಕೆಟ್ಟರೆ ಸ್ಕ್ರೂಡ್ರೈವರಿನಿಂದ ಬಿಚ್ಚಬಹುದು.

ಆದರೆ ಅದಕ್ಕೆ ಒಂದು ದೌರ್ಬಲ್ಯವಿದೆ. ಅದು ಗಾಳಿಯ ವೇಗವನ್ನು ನೋಡುತ್ತದೆ, ತೂಕವನ್ನು ನೋಡುವುದಿಲ್ಲ. ಮೇಲೆ ಹೋದಂತೆ ಗಾಳಿ ಎಷ್ಟು ತೆಳುವಾಗುತ್ತದೋ ಅಷ್ಟು ಪ್ರಮಾಣದಲ್ಲಿ ಪೆಟ್ರೋಲು ಕಡಿಮೆಯಾಗುವುದಿಲ್ಲ. ಲೆಕ್ಕ ಹಾಕಿದರೆ ಲೇಹ್‌ನಲ್ಲಿ ಮಿಶ್ರಣ ನೂರಕ್ಕೆ ಸುಮಾರು 20ರಷ್ಟು, ಖಾರ್ದುಂಗ್ ಲಾದಲ್ಲಿ 30ರಷ್ಟು ಹೆಚ್ಚು ಪೆಟ್ರೋಲಿನದಾಗುತ್ತದೆ. ಮೆಕ್ಯಾನಿಕ್‌ಗಳ ಮಾತಿನಲ್ಲಿ 'ರಿಚ್'. ಪ್ಲಗ್ಗು ಕರಿ ಹಿಡಿಯುತ್ತದೆ, ಸೈಲೆನ್ಸರಿನಲ್ಲಿ ಕಪ್ಪು ಹೊಗೆ, ಗಾಡಿ ಕೆಮ್ಮುತ್ತದೆ, ನಿಂತರೆ ಮತ್ತೆ ಹಚ್ಚುವುದು ಕಷ್ಟ.

ಫಾರ್ಮಸಿಯವನಾಗಿ ನನಗೆ ಇದು ಡೋಸಿನ ಸಮಸ್ಯೆಯಂತೆ ಕಾಣುತ್ತದೆ. ರೋಗಿಯ ತೂಕ ಅರ್ಧವಾದರೂ ಹಳೆಯ ಡೋಸನ್ನೇ ಕೊಡುತ್ತಾ ಹೋದರೆ ಏನಾಗುತ್ತದೋ ಅದೇ.

ಈ ಪೆಟ್ಟು ಮೊದಲು ತಿಂದವರು ವಿಮಾನದವರು. ಮೊದಲ ಮಹಾಯುದ್ಧದ ಕಾಲದಲ್ಲಿ ಪೈಲಟ್‌ಗಳ ಕೈಯಲ್ಲಿ ಮಿಶ್ರಣ ತೆಳುವು ಮಾಡುವ ಒಂದು ಲಿವರ್ ಇರುತ್ತಿತ್ತು. ಮೇಲೆ ಏರಿದಂತೆ ಅದನ್ನು ಎಳೆಯಬೇಕು, ಇಳಿದಂತೆ ಮರಳಿ ತಳ್ಳಬೇಕು. 1918ರಲ್ಲಿ ಅಮೆರಿಕದ ಎಂಜಿನಿಯರ್ ಸ್ಯಾನ್‌ಫೋರ್ಡ್ ಮಾಸ್ ಒಂದು ಲಿಬರ್ಟಿ ವಿಮಾನ ಎಂಜಿನ್ನನ್ನು ಟ್ರಕ್ಕಿನ ಮೇಲೆ ಕಟ್ಟಿ, ಕೊಲೊರಾಡೊದ ಪೈಕ್ಸ್ ಪೀಕ್ ಎಂಬ 14,000 ಅಡಿಗೂ ಮೀರಿದ ಶಿಖರಕ್ಕೆ ಒಯ್ದ. ಕೆಳಗೆ 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ಮೇಲೆ 230 ಮಾತ್ರ ಕೊಟ್ಟಿತು. ತನ್ನ ಟರ್ಬೊ ಜೋಡಿಸಿದ ಮೇಲೆ 356 ಬಂತು. ಬೈಕಿನವನಿಗೆ ಟರ್ಬೊ ಇಲ್ಲ, ಪೈಲಟ್ಟಿನ ಲಿವರೂ ಇಲ್ಲ. ಅವನಿಗಿರುವುದು ಜೇಬಿನಲ್ಲಿ ಒಂದು ಸಣ್ಣ ಹಿತ್ತಾಳೆಯ ಜೆಟ್ ಮತ್ತು ಅದನ್ನು ಬದಲಿಸುವ ತಾಳ್ಮೆ.

ಮದ್ರಾಸಿನ ಬುಲೆಟ್, ಮೈಸೂರಿನ ಜಾವಾ

ನಮ್ಮ ದೇಶದಲ್ಲಿ ಹಿಮಾಲಯ ಹತ್ತಿದ ಹಳೆಯ ಬೈಕುಗಳಲ್ಲಿ ಹೆಚ್ಚಿನವು ದಕ್ಷಿಣದಲ್ಲಿ, ಬಿಸಿಲ ನಾಡಿನಲ್ಲಿ ತಯಾರಾದವು.

ಬುಲೆಟ್ ಎಂಬ ಹೆಸರು ಇಂಗ್ಲೆಂಡಿನ ರೆಡ್ಡಿಚ್‌ನಲ್ಲಿ 1932ರಲ್ಲಿ ಹುಟ್ಟಿತು. ಸ್ವಾತಂತ್ರ್ಯಾನಂತರ ನಮ್ಮ ಸೈನ್ಯ ಗಡಿ ಕಾವಲಿಗೆ ಬೈಕು ಹುಡುಕಿದಾಗ ಆರಿಸಿಕೊಂಡದ್ದು 350 ಸಿಸಿ ಬುಲೆಟ್ಟನ್ನು. ಅದರ ಬೆನ್ನಿಗೇ 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾಯಿತು, ತಿರುವೊತ್ತಿಯೂರಿನಲ್ಲಿ ಕಾರ್ಖಾನೆ ಎದ್ದಿತು. ಇಂಗ್ಲೆಂಡಿನ ಮೂಲ ಕಂಪನಿ 1970ರ ಹೊತ್ತಿಗೆ ಬಾಗಿಲು ಹಾಕಿದರೂ ಇಲ್ಲಿ ಬುಲೆಟ್ ನಿಲ್ಲಲಿಲ್ಲ. 346 ಸಿಸಿ, 18 ಅಶ್ವಶಕ್ತಿ, ಎರಕದ ಕಬ್ಬಿಣದ ಸಿಲಿಂಡರ್. ಹೊಸ ಕಾಲದ ಎಂಜಿನ್ ಬರುವ ತನಕ, ಅಂದರೆ ಈ ಶತಮಾನದ ಮೊದಲ ದಶಕದ ಕೊನೆಯವರೆಗೂ, ಮೂಲ ವಿನ್ಯಾಸ ಹೆಚ್ಚು ಬದಲಾಗಲಿಲ್ಲ.

ಇನ್ನೊಂದು ನಮ್ಮದೇ ಊರಿನದು. ಚೆಕೊಸ್ಲೊವಾಕಿಯಾದ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ವಾಂಡರರ್ ಎಂಬ ಜರ್ಮನ್ ಕಂಪನಿಯ ಬೈಕು ವಿಭಾಗವನ್ನು ಕೊಂಡು, ತನ್ನ ಹೆಸರಿನ ಮೊದಲೆರಡು ಅಕ್ಷರಕ್ಕೆ ಅದರ ಮೊದಲೆರಡು ಅಕ್ಷರ ಸೇರಿಸಿ ಇಟ್ಟ ಹೆಸರು ಜಾವಾ. ಆ ಬೈಕನ್ನು ಭಾರತದಲ್ಲಿ ತಯಾರಿಸಲು ಇರಾನಿ ಕುಟುಂಬದ ರುಸ್ತುಂ ಮತ್ತು ಫಾರೂಖ್ ಅವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. 1961ರಲ್ಲಿ ಜಯಚಾಮರಾಜೇಂದ್ರ ಒಡೆಯರು ಉದ್ಘಾಟಿಸಿದರು. 1973ರಿಂದ ಹೆಸರು ಯೆಜ್ಡಿ ಎಂದಾಯಿತು, 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ನಾನು ಡಿ.ಫಾರ್ಮ ಓದಲು ಮೈಸೂರಿಗೆ ಹೋಗುವಷ್ಟರಲ್ಲಿ ಕಾರ್ಖಾನೆಯ ಗೇಟಿಗೆ ಬೀಗ ಬಿದ್ದಿತ್ತು. ಆದರೆ ಊರಿನ ತುಂಬ ಯೆಜ್ಡಿಗಳಿದ್ದವು, ಅವುಗಳ ಜೋಡಿ ಸೈಲೆನ್ಸರಿನ ಸದ್ದಿತ್ತು, ಅವುಗಳನ್ನು ಕಣ್ಣು ಮುಚ್ಚಿ ಬಿಚ್ಚಿ ಕಟ್ಟುವ ಮೆಕ್ಯಾನಿಕ್‌ಗಳಿದ್ದರು. ಕಿಕ್ಕರ್ ಮತ್ತು ಗೇರು ಎರಡಕ್ಕೂ ಒಂದೇ ಲಿವರ್ ಇರುವ ಆ ಗಾಡಿಯನ್ನು ಹೊಸಬರು ಹಚ್ಚಲು ಒದ್ದಾಡುವುದನ್ನು ನೋಡಿ ಅವರು ನಗುತ್ತಿದ್ದರು.

ಬುಲೆಟ್ ಫೋರ್ ಸ್ಟ್ರೋಕ್, ಯೆಜ್ಡಿ ಟೂ ಸ್ಟ್ರೋಕ್. ಬುಲೆಟ್ಟಿಗೆ ಎಂಜಿನ್ ಆಯಿಲ್ ಬೇರೆ. ಯೆಜ್ಡಿಗೆ ಪೆಟ್ರೋಲಿನಲ್ಲೇ ಆಯಿಲ್ ಕಲಸಬೇಕು, ಲೀಟರಿಗೆ ಸುಮಾರು 40 ಮಿಲಿ. ಈ ವ್ಯತ್ಯಾಸ ಬೆಟ್ಟದ ದಾರಿಯಲ್ಲಿ ಎಷ್ಟು ದೊಡ್ಡದು ಎಂಬುದನ್ನು ಮುಂದೆ ಹೇಳುತ್ತೇನೆ.

ದಾರಿ ತೆರೆದದ್ದು

ಬೈಕುಗಳಿದ್ದರೂ ದಾರಿ ಇರಲಿಲ್ಲ. 1960ರ ಮೇ 7ರಂದು ಗಡಿ ರಸ್ತೆ ಸಂಸ್ಥೆ, ಅಂದರೆ ಬಿ.ಆರ್.ಒ., ಸ್ಥಾಪನೆಯಾಯಿತು. 1960ರ ದಶಕದ ಆರಂಭದಲ್ಲಿ ಶ್ರೀನಗರದಿಂದ ಲೇಹ್‌ಗೆ ವಾಹನ ಹೋಗುವಂತಾಯಿತು. ಅದು ಸೈನ್ಯದ ದಾರಿ. ನಮ್ಮಂಥ ಪ್ರವಾಸಿಗರಿಗೆ ಲಡಾಖ್ ತೆರೆದದ್ದು 1974ರಲ್ಲಿ. ಖಾರ್ದುಂಗ್ ಲಾ ರಸ್ತೆ 1976ರಲ್ಲಿ ಆದರೂ ಸಾರ್ವಜನಿಕ ವಾಹನಗಳಿಗೆ ಬಿಟ್ಟದ್ದು 1988ರಲ್ಲಿ. ಮನಾಲಿಯಿಂದ ಲೇಹ್‌ಗೆ ಹೋಗುವ ದಾರಿಯೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಜನರಿಗೆ ಸಿಕ್ಕಿತು. ಅಂದರೆ ನಾವೆಲ್ಲ ಕನಸು ಕಾಣುವ ಲಡಾಖ್ ಬೈಕು ಯಾತ್ರೆಗೆ ಇನ್ನೂ ನಲವತ್ತು ವರ್ಷ ತುಂಬಿಲ್ಲ.

ಖಾರ್ದುಂಗ್ ಲಾದ ಫಲಕದಲ್ಲಿ ಬಹುಕಾಲ 18,380 ಅಡಿ ಎಂದು ಬರೆದಿತ್ತು. ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳದವರಿಲ್ಲ. ಉಪಗ್ರಹದ ಅಳತೆ ಬಂದ ಮೇಲೆ ತಿಳಿದದ್ದು ಅದು ಸುಮಾರು 17,582 ಅಡಿ ಎಂದು. ಅದಕ್ಕಿಂತ ಎತ್ತರದ ಉಮ್ಲಿಂಗ್ ಲಾ, 19,024 ಅಡಿಯ ರಸ್ತೆ, 2021ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿತು. 2020ರಲ್ಲಿ 9.02 ಕಿ.ಮೀ. ಉದ್ದದ ಅಟಲ್ ಸುರಂಗ ತೆರೆದು ರೋಹ್ತಂಗ್ ಹತ್ತುವ ಕಷ್ಟ ತಪ್ಪಿತು.

ಮನಾಲಿ ದಾರಿಯ ತಾಂಡಿ ಎಂಬಲ್ಲಿ ಪೆಟ್ರೋಲ್ ಬಂಕಿನ ಒಂದು ಫಲಕ ಪ್ರಸಿದ್ಧ: ಮುಂದಿನ ಬಂಕು 365 ಕಿ.ಮೀ. ದೂರದಲ್ಲಿ. ಈಗ ಲೆಕ್ಕ ನೋಡಿ. ಬುಲೆಟ್ಟಿನ ಟ್ಯಾಂಕಿನಲ್ಲಿ 14 ಲೀಟರ್ ಇದೆ, ಊರಲ್ಲಿ ಲೀಟರಿಗೆ 35 ಕಿ.ಮೀ. ಕೊಡುತ್ತದೆ ಅಂದುಕೊಳ್ಳಿ. 490 ಕಿ.ಮೀ. ಆಯಿತು, ಧೈರ್ಯವಾಗಿ ಹೋಗಬಹುದು. ಅದೇ ಗಾಡಿ ರಿಚ್ ಆಗಿ, ಮೊದಲ ಎರಡನೇ ಗೇರಿನಲ್ಲಿ ಏದುತ್ತಾ 25 ಕೊಟ್ಟರೆ 350ಕ್ಕೆ ಟ್ಯಾಂಕು ಖಾಲಿ. ಒಂದು ಸಣ್ಣ ಜೆಟ್ ಬದಲಿಸುವುದು ಬಿಡುವುದರ ನಡುವೆ ಇರುವ ಅಂತರ ಇದು. ಕ್ಯಾನಿನಲ್ಲಿ ಐದು ಲೀಟರ್ ಕಟ್ಟಿಕೊಂಡು ಹೋಗುವ ಪದ್ಧತಿ ಹೀಗೇ ಬಂದದ್ದು.

ಮೆಕ್ಯಾನಿಕ್‌ಗಳ ವಿದ್ಯೆ

ಹಳೆಯ ಗಾಡಿಯನ್ನು ಎತ್ತರಕ್ಕೆ ಸಿದ್ಧ ಮಾಡುವ ಕ್ರಮ ಯಾವ ಕಂಪನಿಯ ಪುಸ್ತಕದಿಂದಲೂ ಇಡಿಯಾಗಿ ಬಂದದ್ದಲ್ಲ. ಮನಾಲಿ, ಲೇಹ್‌ನ ಗ್ಯಾರೇಜುಗಳಲ್ಲಿ, ಹೋಗಿ ಬಂದವರ ಬಾಯಲ್ಲಿ, ಒಬ್ಬರಿಂದೊಬ್ಬರಿಗೆ ದಾಟಿ ಬೆಳೆದದ್ದು. ಮೊದಮೊದಲು ಕೆಲವರು ಉಸಿರು ಕಟ್ಟಿದ ಗಾಡಿಗೆ ಗಾಳಿ ಸಿಗಲೆಂದು ಏರ್ ಫಿಲ್ಟರನ್ನೇ ಕಿತ್ತು ಓಡಿಸುತ್ತಿದ್ದರು. ಗಾಡಿ ಮೇಲೆ ಹೋಗುತ್ತಿತ್ತು ನಿಜ, ಆದರೆ ಆ ದಾರಿಯ ನುಣ್ಣನೆಯ ಧೂಳು ಸಿಲಿಂಡರಿನ ಗೋಡೆಯನ್ನು ಉಜ್ಜಿ ಬೋರ್ ಹಾಳು ಮಾಡುತ್ತಿತ್ತು. ಸರಿಯಾದ ದಾರಿ ಪೆಟ್ರೋಲು ಇಳಿಸುವುದು.

ಅದಕ್ಕೆ ಮೂರು ಮೆಟ್ಟಿಲು. ಮೊದಲನೆಯದು ಕಾರ್ಬುರೇಟರಿನ ಏರ್ ಸ್ಕ್ರೂ. ಬುಲೆಟ್ಟಿನ ಮಿಕ್‌ಕಾರ್ಬ್‌ನಲ್ಲಿ ಅದನ್ನು ಸ್ವಲ್ಪ ಹೊರಕ್ಕೆ ತಿರುಗಿಸಿದರೆ ನಿಧಾನದ ಓಟದ ಮಿಶ್ರಣ ತೆಳುವಾಗುತ್ತದೆ, ರಸ್ತೆ ಬದಿಯಲ್ಲೇ ಮಾಡಬಹುದು. ಎರಡನೆಯದು ಥ್ರಾಟಲ್ ಸ್ಲೈಡಿನೊಳಗಿನ ನೀಡಲ್. ಅದರ ಮೇಲ್ತುದಿಯಲ್ಲಿ ಕಚ್ಚುಗಳಿವೆ. ಕ್ಲಿಪ್ಪನ್ನು ಒಂದು ಕಚ್ಚು ಮೇಲಕ್ಕೆ ಹಾಕಿದರೆ ನೀಡಲ್ ಕೆಳಗೆ ಕೂರುತ್ತದೆ, ಪೆಟ್ರೋಲು ಕಡಿಮೆಯಾಗುತ್ತದೆ. ಮೂರನೆಯದು ಮೇನ್ ಜೆಟ್. ನಂಬರು ಕೊರೆದಿರುವ ಸಣ್ಣ ಹಿತ್ತಾಳೆಯ ತುಂಡು ಅದು. ಒಂದೆರಡು ಸೈಜು ಸಣ್ಣದನ್ನು ಹಾಕುತ್ತಾರೆ. ಪೂರ್ತಿ 30 ಭಾಗದ ಲೆಕ್ಕಕ್ಕೆ ಇಳಿಸುವುದಿಲ್ಲ, ಏಕೆಂದರೆ ದಾರಿಯುದ್ದಕ್ಕೂ ಏರು ಇಳಿವು ಇದ್ದೇ ಇದೆ. ಪ್ಲಗ್ಗು ಬಿಚ್ಚಿ ನೋಡುವುದೇ ಪರೀಕ್ಷೆ: ಮಸಿ ಬಣ್ಣವಾದರೆ ಇನ್ನೂ ರಿಚ್, ಕಾಫಿಪುಡಿ ಬಣ್ಣವಾದರೆ ಸರಿ, ಬಿಳಿಚಿಕೊಂಡರೆ ಅಪಾಯ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನಿದೆ. ತೆಗೆದ ಹಳೆಯ ಜೆಟ್ಟನ್ನು ಜೋಪಾನ ಮಾಡಿ, ಕೆಳಗೆ ಬಂದ ಕೂಡಲೇ ಮರಳಿ ಹಾಕಬೇಕು. ದಪ್ಪ ಗಾಳಿಗೆ ಬಂದ ಮೇಲೂ ಸಣ್ಣ ಜೆಟ್ಟಿನಲ್ಲೇ ಓಡಿಸಿದರೆ ಪೆಟ್ರೋಲು ಸಾಲದೆ ಎಂಜಿನ್ ಕೆಂಡವಾಗುತ್ತದೆ. ಬುಲೆಟ್ಟಿನಲ್ಲಿ ವಾಲ್ವ್ ಸುಡಬಹುದು. ಯೆಜ್ಡಿಯಲ್ಲಿ ಪೆಟ್ರೋಲಿನ ಜೊತೆಗೇ ಆಯಿಲ್ ಹೋಗುವುದರಿಂದ ಆಯಿಲೂ ಕಡಿಮೆಯಾಗಿ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಓಡುತ್ತಿರುವ ಗಾಡಿಯ ಪಿಸ್ಟನ್ ಕಚ್ಚಿಕೊಂಡರೆ ಹಿಂದಿನ ಚಕ್ರ ನಿಂತು ಸವಾರ ನೆಲಕ್ಕೆ ಬೀಳುತ್ತಾನೆ. ಹತ್ತಿದಾಗ ಕೆಮ್ಮಿದ ಗಾಡಿ ಯಾರನ್ನೂ ಕೊಲ್ಲುವುದಿಲ್ಲ, ಇಳಿದಾಗ ಕಚ್ಚಿದ ಗಾಡಿ ಕೊಲ್ಲಬಹುದು.

ಯೆಜ್ಡಿಯವರು ತಿಳಿಯಬೇಕಾದ ಇನ್ನೊಂದು ಸಂಗತಿ ನಮ್ಮ ಘಾಟಿಗಳಲ್ಲೇ ಹುಟ್ಟಿದ ಜ್ಞಾನ. ಆಗುಂಬೆ, ಚಾರ್ಮಾಡಿ ಇಳಿಯುವಾಗ ಹಳೆಯ ಸವಾರರು ಗೇರಿನಲ್ಲಿ ಗಾಡಿ ಬಿಟ್ಟು, ನಡುನಡುವೆ ಕ್ಲಚ್ಚು ಹಿಡಿದು ಒಂದೆರಡು ಸಲ ಎಕ್ಸಲರೇಟರ್ ಕೊಡುತ್ತಿದ್ದರು. ನೋಡುವವರಿಗೆ ಅದು ಶೋಕಿ ಎನಿಸುತ್ತಿತ್ತು. ಕಾರಣ ಬೇರೆ. ಥ್ರಾಟಲ್ ಮುಚ್ಚಿ ಇಳಿಯುವಾಗ ಚಕ್ರ ಎಂಜಿನ್ನನ್ನು ಜೋರಾಗಿ ತಿರುಗಿಸುತ್ತದೆ, ಆದರೆ ಪೆಟ್ರೋಲು ಹೋಗುವುದಿಲ್ಲ, ಹಾಗಾಗಿ ಆಯಿಲೂ ಹೋಗುವುದಿಲ್ಲ. ಆ ಒಂದೆರಡು ಗುಟುಕು ಎಂಜಿನ್ನಿಗೆ ಎಣ್ಣೆ ಕುಡಿಸಲು. ಆಗುಂಬೆಯ ಇಳಿಜಾರು ಕೆಲವೇ ಕಿಲೋಮೀಟರು. ಖಾರ್ದುಂಗ್ ಲಾದಿಂದ ಲೇಹ್‌ಗೆ ಸುಮಾರು 40 ಕಿ.ಮೀ. ಇಳಿಜಾರೇ.

ಉಳಿದವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ತೆಳುಗಾಳಿಯಲ್ಲಿ ಮಿಶ್ರಣ ನಿಧಾನ ಉರಿಯುವುದರಿಂದ ಪಾಯಿಂಟಿನ ಗಾಡಿಗಳಿಗೆ ಕಿಡಿಯನ್ನು ಚೂರು ಮುಂಚಿತ ಮಾಡಿಸುವವರಿದ್ದಾರೆ, ಮರಳಿ ಬಂದ ಮೇಲೆ ಅದನ್ನೂ ಹಳೆಯ ಜಾಗಕ್ಕೆ ತರಬೇಕು. 18 ಅಶ್ವಶಕ್ತಿಯ ಬುಲೆಟ್ ಖಾರ್ದುಂಗ್ ಲಾದಲ್ಲಿ ಒಂಬತ್ತು ಹತ್ತು ಮಾತ್ರ ಕೊಡುತ್ತದೆ, ಆದ್ದರಿಂದ ಇಬ್ಬರು ಸವಾರರು ಮತ್ತು ಎರಡು ಬ್ಯಾಗಿನ ಆಸೆ ಬಿಡುವುದು ಒಳ್ಳೆಯದು. ಗೇರ್‌ಬಾಕ್ಸಿನ ಸ್ಪ್ರಾಕೆಟ್ಟನ್ನು ಒಂದು ಹಲ್ಲು ಸಣ್ಣದು ಮಾಡಿದರೆ ಏರುವುದು ಸುಲಭ, ಕ್ಲಚ್ಚೂ ಉಳಿಯುತ್ತದೆ. ಹೊರಗಿನ ಒತ್ತಡ ಕಡಿಮೆಯಾಗುವುದರಿಂದ ಊರಲ್ಲಿ ಹೊಡೆಸಿದ ಟೈರಿನ ಗಾಳಿ ಮೇಲೆ ಹೆಚ್ಚು ತೋರಿಸುತ್ತದೆ, ಗೇಜಿನಲ್ಲಿ ನೋಡಿ ಬಿಡಬೇಕು. ಚಳಿಗೆ ಬ್ಯಾಟರಿಯ ಶಕ್ತಿ ಕುಗ್ಗುತ್ತದೆ, ಕಿಕ್ಕರ್ ಸರಿ ಇರಲಿ. ಡ್ರಮ್ ಬ್ರೇಕಿನ ಲೈನರ್ ಹೊಸದಾಗಿರಲಿ. ಕ್ಲಚ್ ಕೇಬಲ್, ಥ್ರಾಟಲ್ ಕೇಬಲ್, ಟ್ಯೂಬು, ಎರಡು ಪ್ಲಗ್ಗು, ಚೈನ್ ಲಿಂಕು ಜೊತೆಗಿರಲಿ. ವರ್ಷಗಟ್ಟಲೆ ನಿಂತ ಗಾಡಿಯಾದರೆ ಟ್ಯಾಂಕಿನ ತುಕ್ಕು ತೊಳೆಸಿ, ರಬ್ಬರಿನ ಪೆಟ್ರೋಲ್ ಪೈಪು ಬದಲಿಸಿ, ಊರಿನ ಸುತ್ತ ಒಂದು ಐನೂರು ಕಿ.ಮೀ. ಓಡಿಸಿದ ಮೇಲೆ ಹೊರಡಿ.

ಸವಾರನೂ ಒಂದು ಎಂಜಿನ್

ಗಾಡಿಯ ಕಥೆ ಹೀಗಾದರೆ ಸವಾರನದು ಇನ್ನೂ ನೋವಿನ ಇತಿಹಾಸ. 1878ರಲ್ಲಿ ಫ್ರಾನ್ಸಿನ ಪೋಲ್ ಬೆರ್ ಎಂಬ ವಿಜ್ಞಾನಿ ಎತ್ತರದ ಕಾಯಿಲೆಗೆ ಕಾರಣ ಆಮ್ಲಜನಕದ ಒತ್ತಡ ಕುಸಿಯುವುದು ಎಂದು ತೋರಿಸಿಕೊಟ್ಟ. 1913ರಲ್ಲಿ ಚಿಲಿಯ ಗಣಿಯೊಂದರ ವೈದ್ಯ ರೇವನ್‌ಹಿಲ್, ಅಲ್ಲಿನ ಕೆಲಸಗಾರರು 'ಪುನಾ' ಎಂದು ಕರೆಯುತ್ತಿದ್ದ ಕಾಯಿಲೆಯ ವಿಧಗಳನ್ನು ಬರೆದಿಟ್ಟ. ತಲೆನೋವು ವಾಕರಿಕೆಯ ಸಾಧಾರಣ ವಿಧ, ಎದೆಗೆ ಸಂಬಂಧಿಸಿದ್ದು, ಮೆದುಳಿಗೆ ಸಂಬಂಧಿಸಿದ್ದು. ಹೊಟ್ಟೆಪಾಡಿಗೆ ಊರು ಬಿಟ್ಟು ಗಣಿಗೆ ಹೋದ ಕೂಲಿಗಳ ದೇಹದಿಂದ ಈ ಪಾಠ ಬಂತು ಎಂಬುದನ್ನು ಗಲ್ಫಿನಲ್ಲಿ ದುಡಿಯುವ ನಾವು ಗಮನಿಸಬೇಕು.

ನಮ್ಮ ದೇಶದ ಪಾಠ 1962ರಲ್ಲಿ. ಬಯಲಿನಿಂದ ಸೈನಿಕರನ್ನು ಅವಸರದಲ್ಲಿ ಹಿಮಾಲಯಕ್ಕೆ ಏರಿಸಬೇಕಾಯಿತು, ಸಾವಿರಾರು ಜನ ಎತ್ತರದ ಕಾಯಿಲೆಗೆ ತುತ್ತಾದರು. ಸೈನ್ಯದ ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು 1,925 ಸೈನಿಕರನ್ನು ಅಭ್ಯಸಿಸಿ 1969ರಲ್ಲಿ ಅಮೆರಿಕದ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಬರಹ ಇಂದಿಗೂ ಪ್ರಪಂಚದಾದ್ಯಂತ ಓದುವಂಥದ್ದು. ಸೈನ್ಯ ಒಂದು ಕ್ರಮ ಮಾಡಿಕೊಂಡಿತು: 9,000ದಿಂದ 12,000 ಅಡಿಯ ನಡುವೆ ಆರು ದಿನ, 15,000 ಅಡಿಯವರೆಗೆ ಮತ್ತೆ ನಾಲ್ಕು ದಿನ, ಅದಕ್ಕೂ ಮೇಲೆ ಇನ್ನೂ ನಾಲ್ಕು ದಿನ ದೇಹವನ್ನು ಒಗ್ಗಿಸುವುದು. ಕಟ್ಟುಮಸ್ತಾದ ಸೈನಿಕನಿಗೇ ಹದಿನಾಲ್ಕು ದಿನ. ನಾವು ದುಬೈಯಿಂದ ಬಂದು, ಊರಲ್ಲಿ ಒಂದು ವಾರ ಮದುವೆ ಊಟ ಮಾಡಿ, ವಿಮಾನದಲ್ಲಿ ಲೇಹ್‌ಗೆ ಇಳಿದು ಮರುದಿನವೇ ಖಾರ್ದುಂಗ್ ಲಾಗೆ ಹೊರಟರೆ ದೇಹ ಏನು ಮಾಡಬೇಕು?

ಕೌಂಟರಿನಲ್ಲಿ ಕೇಳುವ ಆ ಮಾತ್ರೆ ಅಸಿಟಜೋಲಮೈಡ್. 1950ರ ದಶಕದಲ್ಲಿ ಮೂತ್ರ ಹೆಚ್ಚಿಸಲು, ಕಣ್ಣಿನ ಗ್ಲಾಕೋಮಾಕ್ಕೆ ಎಂದು ಬಂದದ್ದು, 1960ರ ದಶಕದಲ್ಲಿ ಎತ್ತರದ ಕಾಯಿಲೆಗೂ ಪ್ರಯೋಜನ ಕಂಡಿತು. ಅದು ರಕ್ತವನ್ನು ಚೂರು ಆಮ್ಲೀಯವಾಗಿಸಿ ಉಸಿರಾಟವನ್ನು ಚುರುಕು ಮಾಡುತ್ತದೆ, ದೇಹ ತಾನೇ ಕೆಲವು ದಿನಗಳಲ್ಲಿ ಮಾಡಿಕೊಳ್ಳುವ ಹೊಂದಾಣಿಕೆಯನ್ನು ಬೇಗ ಮಾಡಿಸುತ್ತದೆ. ತಡೆಗಟ್ಟಲು ಸಾಮಾನ್ಯವಾಗಿ 125 ಮಿ.ಗ್ರಾಂ. ದಿನಕ್ಕೆ ಎರಡು ಸಲ, ಏರುವ ಹಿಂದಿನ ದಿನದಿಂದ ಶುರು. ಆದರೆ ಇದು ಡಾಕ್ಟರು ಬರೆದುಕೊಡಬೇಕಾದ ಔಷಧಿ. ಸಲ್ಫಾ ಅಲರ್ಜಿ ಇರುವವರು, ಮೂತ್ರಪಿಂಡದ ತೊಂದರೆಯವರು ಮೊದಲೇ ಹೇಳಬೇಕು. ಬೆರಳು ಜುಮ್ಮೆನ್ನುವುದು, ಪದೇ ಪದೇ ಮೂತ್ರ, ಸೋಡಾ ಸಪ್ಪೆ ಎನಿಸುವುದು ಅದರ ಸಾಮಾನ್ಯ ಅಡ್ಡಪರಿಣಾಮ.

ಶುಗರು, ಬಿ.ಪಿ. ನಮ್ಮ ಗಲ್ಫ್ ಕನ್ನಡಿಗರಲ್ಲಿ ಕಡಿಮೆಯೇನಿಲ್ಲ. ಅಂಥವರು ಹೊರಡುವ ಮೊದಲು ತಪಾಸಣೆ ಮಾಡಿಸಲಿ. ಇನ್ಸುಲಿನ್ ಒಮ್ಮೆ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು. ಅದನ್ನು ಬೈಕಿನ ಬ್ಯಾಗಿನಲ್ಲಿಡದೆ ಜಾಕೆಟ್ಟಿನ ಒಳಜೇಬಿನಲ್ಲಿ ಮೈ ಬಿಸಿಗೆ ಇಟ್ಟುಕೊಳ್ಳಬೇಕು. ಮೊದಲ ದಿನಗಳಲ್ಲಿ ಮದ್ಯ ಬೇಡ, ನಿದ್ರೆಮಾತ್ರೆ ಬೇಡ. ನಿಂತಲ್ಲೇ ಏದುಸಿರು, ಕೆಮ್ಮು, ಕುಡಿದವರಂತೆ ತೂರಾಟ, ಮಾತು ತಡವರಿಸುವುದು ಕಂಡರೆ ಕಾಯಬೇಡಿ. ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು, ಮೆದುಳು ಊದುತ್ತಿರಬಹುದು. ರಾತ್ರಿಯಾದರೂ ಕೆಳಗಿಳಿಸಿ, ಆಸ್ಪತ್ರೆಗೆ ಸೇರಿಸಿ. ಇಳಿಯುವುದೇ ಮೊದಲ ಮದ್ದು.

ದಾರಿಯ ಆಯ್ಕೆಯಲ್ಲೂ ಇದೇ ಲೆಕ್ಕ. ಶ್ರೀನಗರದ ದಾರಿಯಲ್ಲಿ ಸೋನಾಮರ್ಗ್ ಮತ್ತು ಕಾರ್ಗಿಲ್ ಎರಡೂ 2,700 ಮೀಟರಿನ ಆಸುಪಾಸು, ಅಲ್ಲಿ ಮಲಗಿ ಎದ್ದು 3,500ರ ಲೇಹ್ ಸೇರಬಹುದು. ಮನಾಲಿಯ ದಾರಿಯಲ್ಲಿ ಸುಮಾರು 2,000 ಮೀಟರಿನಿಂದ ಹೊರಟು ಒಂದೇ ದಿನಕ್ಕೆ 4,290 ಮೀಟರಿನ ಸರ್ಚುವಿನಲ್ಲಿ ಮಲಗಿದರೆ ತಲೆ ಸಿಡಿಯುವುದು ಖಂಡಿತ ಎಂದೇ ತಿಳಿಯಿರಿ. ನಡುವೆ ಜಿಸ್ಪಾದಲ್ಲಿ ಒಂದು ರಾತ್ರಿ ಕಳೆಯುವುದು ಒಳಿತು. 3,000 ಮೀಟರಿನ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು ಎಂಬುದು ಪರ್ವತ ವೈದ್ಯರ ನಿಯಮ.

ಮುಗಿಯುತ್ತಿರುವ ಒಂದು ಕಾಲ

2016ರಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬಂದಾಗ ಅದರಲ್ಲೂ ಕಾರ್ಬುರೇಟರೇ ಇತ್ತು. ಮರುವರ್ಷ ಅದಕ್ಕೆ ಫ್ಯೂಯೆಲ್ ಇಂಜೆಕ್ಷನ್ ಬಂತು. 2020ರಲ್ಲಿ ಬಿ.ಎಸ್.6 ನಿಯಮ ಜಾರಿಯಾದ ಮೇಲೆ ಹೊಸ ಬೈಕುಗಳಿಂದ ಕಾರ್ಬುರೇಟರ್ ಹೆಚ್ಚುಕಡಿಮೆ ಮಾಯವಾಯಿತು. ಈಗಿನ ಗಾಡಿಯಲ್ಲಿ ಸೆನ್ಸರ್ ಗಾಳಿಯ ಒತ್ತಡ ಅಳೆದು, ಪೆಟ್ರೋಲನ್ನು ತಾನೇ ಕಡಿಮೆ ಮಾಡುತ್ತದೆ. ಟಾರಿಚೆಲ್ಲಿಯ ಪಾದರಸದ ಕೊಳವೆ ಉಗುರಿನಷ್ಟು ಚಿಪ್ಪಾಗಿ ಎಂಜಿನ್ನಿನೊಳಗೆ ಕೂತಿದೆ. ಶಕ್ತಿ ಕುಗ್ಗುವುದನ್ನು ಅದೂ ತಪ್ಪಿಸಲಾರದು, ಆದರೆ ಕೆಮ್ಮು ಇಲ್ಲ.

ಹೊಸ ಗಾಡಿ ಬಾಡಿಗೆಗೆ ಸಿಗುತ್ತದೆ, ಅದರಲ್ಲೇ ಹೋದರೂ ಲಡಾಖ್ ಲಡಾಖೇ. ಆದರೂ ಅಪ್ಪನ ಗಾಡಿಯಲ್ಲೇ ಹೋಗಬೇಕೆನ್ನುವವರ ಮನಸ್ಸು ನನಗೆ ಅರ್ಥವಾಗುತ್ತದೆ. ಅಂಥವರಿಗೆ ಒಂದು ಮಾತು. ಯೆಜ್ಡಿಯ ಕಾರ್ಬುರೇಟರ್ ಬಲ್ಲ ಮೆಕ್ಯಾನಿಕ್‌ಗಳಿಗೆ ವಯಸ್ಸಾಗಿದೆ. ಮೈಸೂರಿನ ಕಾರ್ಖಾನೆ ಮುಚ್ಚಿ ಮೂವತ್ತು ವರ್ಷವಾಗುತ್ತಾ ಬಂತು, ಅಲ್ಲಿ ಕೈ ಪಳಗಿಸಿದವರಲ್ಲಿ ಕೆಲಸ ಮಾಡುತ್ತಿರುವವರು ಈಗ ಕೆಲವರು ಮಾತ್ರ. ಅವರ ಮಕ್ಕಳು ಆ ಕೆಲಸಕ್ಕೆ ಬಂದಿಲ್ಲ. ಕೆಲವರು ನಮ್ಮ ಹಾಗೆ ಗಲ್ಫಿಗೇ ಬಂದಿದ್ದಾರೆ. ಈ ಸಲ ಊರಿಗೆ ಹೋದಾಗ ಗಾಡಿಯನ್ನು ಅವರ ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ. ಪಕ್ಕದಲ್ಲಿ ಸ್ಟೂಲು ಹಾಕಿ ಕೂತು, ಜೆಟ್ ಬದಲಿಸುವುದನ್ನು, ನೀಡಲ್ ಕ್ಲಿಪ್ ಹಾಕುವುದನ್ನು, ಪ್ಲಗ್ಗಿನ ಬಣ್ಣ ಓದುವುದನ್ನು ಕಲಿತುಕೊಳ್ಳಿ. ಮೊಬೈಲಿನಲ್ಲಿ ಚಿತ್ರಿಸಿಕೊಳ್ಳಿ. ಬಾರಾಲಾಚಾದ ಮೇಲೆ ಗಾಡಿ ನಿಂತಾಗ ಅಲ್ಲಿ ಮೆಕ್ಯಾನಿಕ್ ಇರುವುದಿಲ್ಲ, ನಿಮ್ಮ ಕೈಯೇ ಇರುವುದು.

ರಜೆ ಮೂವತ್ತು ದಿನವಾದರೆ ಲಡಾಖಿಗೆ ಹದಿನೈದು ದಿನ ಇಡಿ, ಅದರಲ್ಲಿ ಮೂರ್ನಾಲ್ಕು ದಿನ ಏನೂ ಮಾಡದೆ ಕೂರಲು ಬಿಡಿ. ಅಷ್ಟು ದಿನ ಇಲ್ಲವೆಂದರೆ ಈ ವರ್ಷ ಮುಳ್ಳಯ್ಯನಗಿರಿ ಹತ್ತಿ ಬನ್ನಿ, ಲಡಾಖನ್ನು ಮುಂದಿನ ರಜೆಗೆ ಉಳಿಸಿಕೊಳ್ಳಿ. ಬೆಟ್ಟ ಎಲ್ಲಿಗೂ ಹೋಗುವುದಿಲ್ಲ. ಹೋಗಿ ಬಂದವರು ಕ್ಷೇಮವಾಗಿ ಕೆಲಸಕ್ಕೆ ಮರಳಿ, ಮುಂದಿನ ಸಂಚಿಕೆಗೆ ತಮ್ಮ ಪ್ರಯಾಣದ ಲೇಖನ ಬರೆಯಲಿ ಎಂದು ಹಾರೈಸುತ್ತೇನೆ.